ವ್ಯಾಕ್ಯೂಮ್ ಅಂದರೆ ನಿರ್ವಾತವೇ, ಬಯಲೇ?

ಬಲ್ಲವರು ಸ್ವಲ್ಪ ನೆರವಾಗಬೇಕು. ಒಂದು ಪದದ ಹಿಂದೆ ಬಿದ್ದು ಮೂರು ದಿನವಾಯಿತು.

ನಾನಿರುವುದು ಪುಣೆಯ ಪಾಷಾಣದಲ್ಲಿ. (ಊರಿನ ನೆಂಟರಿಗೆ ಈ ಹೆಸರು ಕೇಳಿದರೆ ಇಲಿ ಪಾಷಾಣವೇ ನೆನಪಾಗುತ್ತದೆ, ಏನು ಮಾಡೋದು.) ಇಲ್ಲಿನ ನಾಲ್ಕಾರು ಕನ್ನಡ ಮನೆಯವರು ಆಗಾಗ ಸೇರುತ್ತೇವೆ. ಈ ಭಾನುವಾರ ಮಾತಾಡುವ ಸರದಿ ನನ್ನದು. ಆರಿಸಿಕೊಂಡದ್ದು ಕ್ಯಾಸಿಮಿರ್ ಬಲ.

ಹೆಂಡ್ರಿಕ್ ಕ್ಯಾಸಿಮಿರ್ ಎಂಬ ಡಚ್ ವಿಜ್ಞಾನಿ 1948ರಲ್ಲಿ ಲೆಕ್ಕ ಹಾಕಿ ತೋರಿಸಿದ ಸಂಗತಿ ಇದು. ಎರಡು ಲೋಹದ ತಗಡುಗಳನ್ನು ತೀರಾ ಹತ್ತಿರ ಎದುರುಬದುರು ಇಟ್ಟರೆ, ಚಾರ್ಜ್ ಇಲ್ಲದಿದ್ದರೂ ಒಂದನ್ನೊಂದು ಸೆಳೆಯುತ್ತವೆ. ಖಾಲಿ ಜಾಗದಲ್ಲೂ ವಿದ್ಯುತ್ಕಾಂತ ಕ್ಷೇತ್ರ ಸುಮ್ನೆ ಕೂರುವುದಿಲ್ಲ, ಮಿಡಿಯುತ್ತಲೇ ಇರುತ್ತದೆ. ತಗಡುಗಳ ನಡುವೆ ಎಲ್ಲ ಅಲೆಗಳಿಗೂ ಜಾಗ ಸಾಲದು. ಹೊರಗಿನ ಒತ್ತು ಜಾಸ್ತಿಯಾಗುತ್ತದೆ.

ಇಷ್ಟನ್ನು ಸಲೀಸಾಗಿ ಬರೆದೆ. ಅಳತೆಯ ಮಾತು ಬಂದಾಗ ಎಡವಿದೆ. ‘ನಿರ್ವಾತ ಪೆಟ್ಟಿಗೆಯೊಳಗೆ ನಿರ್ವಾತದ ಬಲವನ್ನು ಅಳೆದರು’ ಎಂದಾಯಿತು ನನ್ನ ವಾಕ್ಯ. ಓದಿದ ನನ್ನ ಹೆಂಡತಿ, “ಬಾತ್‌ರೂಮಿನ ಟೈಲ್ಸಿಗೆ ಒತ್ತಿ ಅಂಟಿಸ್ತೀವಲ್ಲ ರಬ್ಬರ್ ಹುಕ್ಕು, ಅದೇ ತಾನೇ?” ಎಂದಳು. ಅಲ್ಲ! ಆ ಹುಕ್ಕನ್ನು ಹಿಡಿದಿರುವುದು ಹೊರಗಿನ ಗಾಳಿ. ಇಲ್ಲಿ ಗಾಳಿಯನ್ನೆಲ್ಲ ತೆಗೆದ ಮೇಲೂ ಬಲ ಉಳಿಯುತ್ತದೆ. ತಪ್ಪು ಅವಳದಲ್ಲ, ಪದದ್ದು. ನಿರ್ವಾತ ಎಂದರೆ ಗಾಳಿ ಇಲ್ಲದ್ದು, ಅಷ್ಟೇ. ಮೊದಲನೆಯ ‘ನಿರ್ವಾತ’ಕ್ಕೆ ಅದು ಸರಿ, ಎರಡನೆಯದಕ್ಕೆ ಒಗ್ಗದು.

‘ಶೂನ್ಯದ ಬಲ’ ಎಂದರೆ ಬಲವೇ ಸೊನ್ನೆ ಎಂದುಕೊಳ್ಳುತ್ತಾರೆ. ಅಲ್ಲಿ ಶಕ್ತಿ ಸೊನ್ನೆಯಾಗಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ, ಅಲ್ವಾ? ಪಕ್ಕದ ಮನೆಯ ಮರಾಠಿ ಮೇಷ್ಟ್ರು ‘ಪೋಕಳೀ’ (ಪೊಳ್ಳು ಜಾಗ) ಎಂದು ಆರಾಮಾಗಿ ಅಂದುಬಿಟ್ಟರು. ನಾವು ‘ಪೊಳ್ಳು ಬಲ’ ಎಂದರೆ ವಿಜ್ಞಾನಿಗಳು ಸುಳ್ಳು ಹೇಳಿದ ಹಾಗಾಗುತ್ತದೆ.

ನನ್ನ ಮನಸ್ಸು ‘ಬಯಲು’ ಕಡೆ ವಾಲುತ್ತಿದೆ. ವಚನಕಾರರ ಬಯಲು ಏನೂ ಇಲ್ಲದ ಜಾಗವಲ್ಲ. ಹಾಗಂತ ಅವರಿಗೆ ಕ್ವಾಂಟಂ ಗೊತ್ತಿತ್ತು ಎಂದು ಯಾರೂ ಶುರು ಮಾಡಬೇಡಿ. ‘ಬಯಲಿಗೆ ಹೋಗುವುದು’ ಎಂಬ ಅರ್ಥವೂ ಇದೆ, ಹಿಂದಿನ ಸಾಲಿನವರು ನಗುವುದು ಖಂಡಿತ.

ಇನ್ನೊಂದು ತೊಡಕು, ನಡುವಿನ ಜಾಗಕ್ಕೆ ಹೆಸರು. ‘ಕೂದಲೆಳೆಯ ಅಂತರ’ ನಮ್ಮ ನುಡಿಗಟ್ಟು, ಆದರೆ ಇಲ್ಲಿ ಕೂದಲು ತೀರಾ ದಪ್ಪ! 1997ರಲ್ಲಿ ಲಾಮೊರೊ ಎಂಬ ಅಮೆರಿಕದ ವಿಜ್ಞಾನಿ ಈ ಬಲವನ್ನು ಅಳೆದದ್ದು 0.6ರಿಂದ 6 ಮೈಕ್ರಾನ್ ಅಂತರದಲ್ಲಿ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅಷ್ಟು ಹತ್ತಿರದಲ್ಲಿ ಎರಡು ತಗಡು ಓರೆಯಾಗದಂತೆ ಹಿಡಿಯುವುದು ಕಷ್ಟ, ಅದಕ್ಕೇ ಒಂದು ಕಡೆ ಉಬ್ಬಿದ ಮೈಯ ಗಾಜಿಟ್ಟು ಚಿನ್ನ ಲೇಪಿಸಿದರು. ಮರುವರ್ಷ ಮೊಹಿದೀನ್ ಮತ್ತು ರಾಯ್ ಪುಟ್ಟ ಗುಂಡು ಬಳಸಿ ಸುಮಾರು 0.1 ಮೈಕ್ರಾನಿಗೆ ಇಳಿದರು. ಎರಡು ತಗಡುಗಳ ಲೆಕ್ಕದಲ್ಲಿ ಆ ಅಂತರದ ಒತ್ತಡ ಸುಮಾರು 13 ಪ್ಯಾಸ್ಕಲ್. ಮಾಮೂಲಿ ಜೆರಾಕ್ಸ್ ಹಾಳೆ ಹದಿನಾರು ಪೇರಿಸಿಟ್ಟರೆ ಕೆಳಗೆ ಬೀಳುವಷ್ಟು. ಅಂತರ ಅರ್ಧವಾದರೆ ಇದು ಹದಿನಾರು ಪಟ್ಟು ಏರುತ್ತದೆ. ಈ ಜಾಗಕ್ಕೆ ‘ಸಂದು’ ಸಾಕೇ, ‘ಎಡೆ’ ಬೇಕೇ? ಎಡೆ ಎಂದರೆ ನಮ್ಮಲ್ಲಿ ಹಬ್ಬದ ಬಾಳೆಲೆ ನೆನಪಾಗುತ್ತದೆ.

ಸದ್ಯಕ್ಕೆ ಚೀಟಿಯಲ್ಲಿರುವುದು: ‘ಗಾಳಿ ತೆಗೆದ ಪೆಟ್ಟಿಗೆಯಲ್ಲಿ, ಸಂದಿನೊಳಗಿನ ಬಯಲ ಸೆಳೆತವನ್ನು ಅಳೆದರು.’ ಕಿವಿಗೆ ಹೇಗೆ ಕೇಳುತ್ತದೆ? ಶನಿವಾರದೊಳಗೆ ಹೇಳಿದರೆ ತಿದ್ದಿಕೊಳ್ಳುತ್ತೇನೆ.