ಪದಚರ್ಚೆ: 'ಗಂಡ'ನೋ 'ಗಂಡಸೋ'? 1927ರ 'ಸನ್‌ರೈಸ್' ಚಿತ್ರದ ಒಂದು ತೊಡಕು

ಎಲ್ಲರಿಗೂ ನಮಸ್ಕಾರ,

ಜರ್ಮನ್ ನಿರ್ದೇಶಕ ಮುರ್ನೌ ಹಾಲಿವುಡ್‌ಗೆ ಬಂದು ಮಾಡಿದ ಮೊದಲ ಚಿತ್ರ 'ಸನ್‌ರೈಸ್'. ಮೂಕಿಚಿತ್ರವಾದ್ದರಿಂದ ಮಾತೆಲ್ಲ ತೆರೆಯ ಮೇಲಿನ ಬರಹದಲ್ಲೇ ಬರುತ್ತದೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವರಿಗಾಗಿ ಆ ಸಾಲುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಾಸ್ತಿ ಸಾಲುಗಳೂ ಇಲ್ಲ. ಆದರೂ ಮೊದಲ ಸಾಲಿನಲ್ಲೇ ನಿಂತಿದ್ದೇನೆ.

ಈ ಕತೆಯಲ್ಲಿ ಯಾರಿಗೂ ಹೆಸರಿಲ್ಲ. ಜಾರ್ಜ್ ಒಬ್ರಿಯನ್ 'ದ ಮ್ಯಾನ್', ಜಾನೆಟ್ ಗೇನರ್ 'ದ ವೈಫ್'. ಹಳ್ಳಿಗೆ ಬಂದು ಅವನ ತಲೆ ಕೆಡಿಸುವ ನಗರದ ಹೆಂಗಸು ಮಾರ್ಗರೆಟ್ ಲಿವಿಂಗ್‌ಸ್ಟನ್. ಅವಳಿಗೆ 'ಪೇಟೆಯವಳು' ಸಾಕು. 'ಹೆಂಡತಿ'ಯೂ ಸರಿ. ಕಷ್ಟ ಇರುವುದು 'ಮ್ಯಾನ್'ನಲ್ಲಿ.

ಆ ಮೊದಲ ಸಾಲನ್ನು 'ಗಂಡಸು ಮತ್ತು ಅವನ ಹೆಂಡತಿಯ ಹಾಡು' ಎಂದರೆ ಕಿವಿಗೆ ಒಗ್ಗುವುದಿಲ್ಲ. 'ಗಂಡ' ಎಂದರೆ ತಕ್ಷಣ 'ಯಾರ ಗಂಡ?' ಎಂಬ ಪ್ರಶ್ನೆ ಬರುತ್ತದೆ. ಬೆಳದಿಂಗಳಲ್ಲಿ ಪೇಟೆಯವಳನ್ನು ಕಾಣಲು ಕದ್ದು ಹೋಗುವಾಗ ಇಂಗ್ಲಿಷಿನಲ್ಲಿ ಅವನು ಸುಮ್ನೆ ಒಬ್ಬ ಗಂಡಸು. ಕನ್ನಡದಲ್ಲಿ 'ಗಂಡ ಹೋದ' ಎಂದು ಬರೆದರೆ, ಮನೆಯಲ್ಲಿ ಅಳುತ್ತಾ ಕೂತ ಹೆಂಡತಿಯೂ ಆ ಮಾತಿನೊಳಗೇ ಇರುತ್ತಾಳೆ.

ಹಾಗಿದ್ದೂ ನನಗೆ 'ಗಂಡ'ನೇ ಸರಿ ಅನ್ನಿಸುತ್ತಿದೆ. ಈ ಚಿತ್ರಕಥೆ ಬರೆದ ಕಾರ್ಲ್ ಮೇಯರ್ ಜರ್ಮನ್ ಭಾಷೆಯವರು. ಕತೆಯ ಬೇರು ಕೂಡ ಹರ್ಮನ್ ಸುಡರ್‌ಮನ್ ಅವರ ಜರ್ಮನ್ ಕತೆ. ಆ ಭಾಷೆಯಲ್ಲಿ 'ಮಾನ್' ಎಂದರೆ ಗಂಡಸೂ ಹೌದು, ಗಂಡನೂ ಹೌದು. ನಮ್ಮ 'ಗಂಡ'ನೂ ಹಿಂದೆ ಹೀಗೇ ಇದ್ದ, ಅಲ್ವಾ? ವಿಜಯನಗರದ ಅರಸರ 'ಮೂರುರಾಯರ ಗಂಡ' ಎಂಬ ಬಿರುದಿನಲ್ಲಿ ಗಂಡ ಎಂದರೆ ಶೂರ, ಮೀರಿಸಿದವನು. ಅಲ್ಲಿ ಮದುವೆಯ ಮಾತೇ ಇಲ್ಲ. ಕಿಟೆಲ್ ನಿಘಂಟಿನಲ್ಲೂ ಎರಡೂ ಅರ್ಥಗಳಿವೆ. ಇನ್ನೊಂದು ಕಾರಣ, ಚಿತ್ರದ ನಡುವೆ ಬರುವ ಚರ್ಚಿನ ದೃಶ್ಯ. ಯಾರದೋ ಮದುವೆಯ ಮಾತುಗಳನ್ನು ಕೇಳುತ್ತಾ ಅವನು ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಅಳುತ್ತಾನೆ. ಅಲ್ಲಿ ಅವನು ಮತ್ತೆ ಗಂಡನಾಗುತ್ತಾನೆ. 'ಗಂಡಸು' ಎಂದು ಬರೆದರೆ ಆ ಗಳಿಗೆ ಕೈತಪ್ಪುತ್ತದೆ.

ಇನ್ನೊಂದು ಸಾಲೂ ಇದೆ. ಹೆಂಡತಿ ಮುಳುಗಿ ಸಾಯಬಾರದೇ ಎಂದು ಪೇಟೆಯವಳು ಅವನನ್ನು ಕೇಳುತ್ತಾಳೆ. ಆಗ ತೆರೆಯ ಮೇಲಿನ ಅಕ್ಷರಗಳೇ ಕರಗಿ ಕೆಳಕ್ಕೆ ಜಾರುತ್ತವೆ. 'ಮುಳುಗಿಸಬಾರದೇ' ಎಂದರೆ ಮಾಡುವವನು ಯಾರೆಂದು ಗೊತ್ತಾಗಿಬಿಡುತ್ತದೆ. ಪೇಟೆಯವಳು ಅದನ್ನೇ ಬಾಯಿಬಿಟ್ಟು ಹೇಳುವುದಿಲ್ಲ. ನಾನು 'ಅವಳು ನೀರುಪಾಲಾದರೆ?' ಎಂದು ಬರೆದಿದ್ದೇನೆ. ದೋಣಿ ಮಗುಚಿದಾಗ ನಮ್ಮ ಪತ್ರಿಕೆಗಳು ಬರೆಯುವ ಪದವೇ ಇದು. ಅವಳ ಉಪಾಯವೂ ಅದೇ: ನೋಡುವವರಿಗೆ ಅಪಘಾತ ಅನ್ನಿಸಬೇಕು.

ನಿಮ್ಮ ಕಡೆಯ ಆಡುಮಾತಿನಲ್ಲಿ ಮದುವೆಯ ಅರ್ಥವಿಲ್ಲದೆ, ಬರೀ ಗಂಡಸು ಎಂಬ ಅರ್ಥದಲ್ಲಿ 'ಗಂಡ' ಇನ್ನೂ ಬಳಕೆಯಲ್ಲಿದೆಯೇ? ಇದ್ದರೆ ಒಂದು ವಾಕ್ಯದ ಸಮೇತ ತಿಳಿಸಿ.