ಟೂ-ಸ್ಟ್ರೋಕ್ ಡರ್ಟ್ ಬೈಕಿಗೆ ನಂಬರ್ ಪ್ಲೇಟ್ ಹಾಕಿಸಿ ರೋಡಲ್ಲಿ ಓಡಿಸಬಹುದಾ? ಫೀನಿಕ್ಸಿನಿಂದ ಕೇಳುತ್ತಿದ್ದೇನೆ

ಮರಳುಗಾಡಿನ ಮೈಸೂರಿಗ

ಎಲ್ಲರಿಗೂ ನಮಸ್ಕಾರ. ಅರಿಜೋನಾದ ಫೀನಿಕ್ಸಿನಲ್ಲಿದ್ದೇನೆ. ನಮ್ಮ ಏರಿಯಾದಲ್ಲೇ ಒಬ್ಬರು 2016ರ ಕೆಟಿಎಂ 300 ಎಕ್ಸ್‌ಸಿ-ಡಬ್ಲ್ಯೂ ಮಾರುತ್ತಿದ್ದಾರೆ. ಕಾರ್ಬ್ಯುರೇಟರ್ ಗಾಡಿ, ಸೆಲ್ಫ್ ಸ್ಟಾರ್ಟ್ ಇದೆ, ಕಿಕ್ಕರೂ ಇದೆ. ಟೈಟಲ್ (ಮಾಲೀಕತ್ವದ ಪೇಪರ್) ಮಾತ್ರ ಆಫ್-ರೋಡ್. ಇಲ್ಲಿ ಕನ್ನಡಿ, ಹಾರ್ನ್, ಬ್ರೇಕ್ ಲೈಟ್, ಪ್ಲೇಟ್ ಲೈಟ್, ರೋಡಿಗೆ ಒಪ್ಪಿಗೆಯ ಡಾಟ್ (DOT) ಗುರುತಿನ ಟೈರ್ ಎಲ್ಲ ಹಾಕಿ ಇನ್‌ಸ್ಪೆಕ್ಷನ್ ಮಾಡಿಸಿದರೆ ರೋಡ್ ಪ್ಲೇಟ್ ಸಿಗುತ್ತದೆ ಅಂತ ಗೊತ್ತು. ಅದರ ಚಿಂತೆ ಇಲ್ಲ.

ನನ್ನ ಪ್ಲಾನ್ ಸಿಂಪಲ್. ಮನೆಯಿಂದ ಐ-17 ಹಿಡಿದು ಸುಮಾರು 35 ಮೈಲಿ, ಬಂಬಲ್ ಬೀ ಎಕ್ಸಿಟ್ಟಲ್ಲಿ ಇಳಿದು ಕ್ಲೀಟರ್ ಮೇಲೆ ಕ್ರೌನ್ ಕಿಂಗ್‌ವರೆಗೆ ಮಣ್ಣಿನ ರಸ್ತೆ, ಮತ್ತೆ ಅದೇ ದಾರೀಲಿ ವಾಪಸ್. ಟ್ರಕ್ಕೂ ಬೇಡ, ಟ್ರೈಲರೂ ಬೇಡ. ಆದರೆ ಕೇಳಿದವರೆಲ್ಲ ಹೆದರಿಸುತ್ತಾರೆ. "ಟೂ-ಸ್ಟ್ರೋಕ್ ಹೈವೇಲಿ ಸೀಜ್ ಆಗುತ್ತದೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಸುಮ್ನೆ 350 ಇಎಕ್ಸ್‌ಸಿ-ಎಫ್ ತಗೋ, ಅದು ಶೋರೂಮಿಂದಲೇ ರೋಡ್ ಲೀಗಲ್ ಬರುತ್ತದೆ" ಅಂತಾರೆ. ನನಗೆ ಫೋರ್-ಸ್ಟ್ರೋಕ್ ಬೇಡ. ಅಪ್ಪನ ಯೆಜ್ಡಿ ರೋಡ್‌ಕಿಂಗ್ ಮೇಲೆ ಟ್ಯಾಂಕ್ ತಬ್ಬಿಕೊಂಡು ಕೂತು ಬೆಳೆದವನು ನಾನು, ಆ ವಾಸನೆ ಬೇಕು. ನಿಜವಾಗಿ ಈ ತರ ಓಡಿಸಿದವರು ಯಾರಾದರೂ ಇದ್ದರೆ ಹೇಳಿ.

ಎರಡು ಜೆಟ್ ಸಣ್ಣದು

ಇದ್ದೇನೆ. ಸೀಜ್ ಮಾಡಿಕೊಂಡವನೂ ನಾನೇ, ಅದೂ ನೀವು ಹೇಳಿದ ಅದೇ ರೋಡಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆಗ ನನ್ನ ಹತ್ತಿರ ಇದ್ದದ್ದು ಬೇರೆ ಗಾಡಿ, ಅದೂ ಕಾರ್ಬ್ಯುರೇಟರ್ ಟೂ-ಸ್ಟ್ರೋಕೇ. ಫ್ಲಾಗ್‌ಸ್ಟಾಫ್ ಕಾಡಿಗೆ ಫ್ರೆಂಡ್ ಪಿಕಪ್ಪಲ್ಲಿ ಹಾಕಿಕೊಂಡು ಹೋಗಿದ್ದೆ. ಅಲ್ಲಿ ಎತ್ತರ ಹತ್ತಿರ ಹತ್ತಿರ 7,000 ಅಡಿ, ಗಾಳಿ ತೆಳು, ಗಾಡಿ ಗೊರಗೊರ ಅನ್ನುತ್ತದೆ. ಅದಕ್ಕೆ ಮೇನ್ ಜೆಟ್ (ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ಬಿಡಿಭಾಗ) ಎರಡು ಸೈಜ್ ಚಿಕ್ಕದು ಹಾಕಿದೆ, ಚೆನ್ನಾಗಿ ಓಡಿತು. ಫ್ರೆಂಡಿಗೆ ಏನೋ ಅರ್ಜೆಂಟು, ಬೇಗ ಹೊರಟುಬಿಟ್ಟ. ಪ್ಲೇಟ್ ಇದೆಯಲ್ಲ ಅಂತ ನಾನು ಗಾಡಿ ಓಡಿಸಿಕೊಂಡೇ ಬಂದೆ. ಜೆಟ್ ವಾಪಸ್ ಹಾಕಬೇಕು ಅಂತ ತಲೆಗೇ ಬರಲಿಲ್ಲ.

ಸನ್‌ಸೆಟ್ ಪಾಯಿಂಟ್ ದಾಟಿದ ಮೇಲೆ ಬ್ಲ್ಯಾಕ್ ಕ್ಯಾನ್ಯನ್ ಸಿಟಿವರೆಗೆ ಒಂದೇ ಸಮ ಇಳಿಜಾರು. ಹಿಂದೆ ಲಾರಿಗಳು. ಸ್ಪೀಡ್ ಕಮ್ಮಿ ಮಾಡೋಣ ಅಂತ ಥ್ರಾಟಲ್ ಪೂರ್ತಿ ಬಿಟ್ಟು ಟಾಪ್ ಗೇರಲ್ಲೇ ಇಳಿಸಿದೆ, ಫೋರ್-ಸ್ಟ್ರೋಕಲ್ಲಿ ಮಾಡುತ್ತೀವಲ್ಲ ಹಾಗೆ. ಎರಡು ನಿಮಿಷ ಆಗಿರಬಹುದು. ಮೊದಲು ಸೌಂಡ್ ಬದಲಾಯಿತು, ಚಮಚ ತಟ್ಟೆಗೆ ಬಡಿದ ಹಾಗೆ ಟಿಣ್ ಟಿಣ್ ಅಂತ. ಆಮೇಲೆ ಹಿಂದಿನ ಚಕ್ರ ಲಾಕ್. ಎಡಗೈ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಡುವ ಅಭ್ಯಾಸ ಇತ್ತು, ಅದೇ ಉಳಿಸಿತು. ಶೋಲ್ಡರಿಗೆ ಎಳೆದು ನಿಲ್ಲಿಸಿ ಹತ್ತು ನಿಮಿಷ ಮಾತೇ ಹೊರಡಲಿಲ್ಲ.

ಮನೆಯಲ್ಲಿ ಬಿಚ್ಚಿದರೆ ಪಿಸ್ಟನ್ ಸೈಡಲ್ಲಿ ನಾಲ್ಕು ಮೂಲೆಯಲ್ಲೂ ಉಜ್ಜಿದ ಗಾಯ, ಅಲ್ಯೂಮಿನಿಯಂ ಸಿಲಿಂಡರಿಗೆ ಮೆತ್ತಿಕೊಂಡಿತ್ತು. ತಪ್ಪು ಎರಡು, ಎರಡೂ ನನ್ನದೇ. ಎತ್ತರದ ಜೆಟ್ ಇಟ್ಟುಕೊಂಡು ಕೆಳಗೆ ಬಂದರೆ ಗಾಳಿ ದಟ್ಟ, ಪೆಟ್ರೋಲ್ ಸಾಲುವುದಿಲ್ಲ, ಲೀನ್ ಆಗಿ ಬಿಸಿ ಏರುತ್ತದೆ. ಇನ್ನೊಂದು, ಈ ಇಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಥ್ರಾಟಲ್ ಮುಚ್ಚಿದರೆ ಆಯಿಲ್ಲೂ ಮುಚ್ಚಿದ ಹಾಗೆ. ಚಕ್ರ ಮಾತ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಒಣಗಂಟಲಲ್ಲಿ ಅವಲಕ್ಕಿ ನುಂಗಿದ ಹಾಗೆ.

ನಿಮ್ಮ ಬಂಬಲ್ ಬೀ ಎಕ್ಸಿಟ್ ಅದೇ ಇಳಿಜಾರಿನ ಮಧ್ಯೆ ಇದೆ. ವಾಪಸ್ ಬರುವಾಗ ನೆನಪಿಡಿ. ಕ್ಲಚ್ ಹಿಡಿದು ಒಂದೊಂದು ಸಲ ಥ್ರಾಟಲ್ ಕೊಡುತ್ತಾ ಇಳಿಸಿ. ಹೋಗುವಾಗಲೂ ಒಂದೇ ಥ್ರಾಟಲಲ್ಲಿ 35 ಮೈಲಿ ಎಳೆಯಬೇಡಿ, ಏರಿಳಿತ ಇರಲಿ. ಲಿಮಿಟ್ 75 ಇರುವ ಕಡೆ ನೀವು 60ರಲ್ಲಿ ಬಲಗಡೆ ಲೇನಲ್ಲಿ ಹೋಗುತ್ತೀರಿ. ಅದು ಇಂಜಿನ್ನಿಗೆ ಒಳ್ಳೆಯದು, ನಿಮ್ಮ ಬೆನ್ನಿಗೆ ಅಲ್ಲ. ಆಗದು ಅನ್ನಿಸಿದರೆ ಬಿಟ್ಟುಬಿಡಿ.

ಮ್ಯೂನಿಕ್ ಮಂಜು

ಮೇಲಿನವರು ಹೇಳಿದ್ದು ಸರಿ. ಆದರೆ "ಟೂ-ಸ್ಟ್ರೋಕ್ ರೋಡಿಗೆ ಆಗಲ್ಲ" ಅನ್ನುವುದನ್ನು ನಾನು ಒಪ್ಪಲ್ಲ. ಇಲ್ಲಿ ಯುರೋಪಿನಲ್ಲಿ 300 ಇಎಕ್ಸ್‌ಸಿ ಕಂಪನಿಯಿಂದಲೇ ರೋಡ್ ಪೇಪರ್ ಜೊತೆ ಬರುತ್ತದೆ. ಎಂಡ್ಯೂರೋ ಅಂತಲೇ ಬೇರೆ ವರ್ಗ ಇದೆ. ಸೀಟ್ 900 ಮಿ.ಮೀ.ಗಿಂತ ಕೆಳಗಿರಬಾರದು, ನೆಲದಿಂದ ಕನಿಷ್ಠ 310 ಮಿ.ಮೀ. ಜಾಗ ಇರಬೇಕು, ಹಿಂದೆ ಇನ್ನೊಬ್ಬರಿಗೆ ಸೀಟ್ ಇರಬಾರದು. ಅಂದರೆ ಹೆಂಡತಿ ಬರಲ್ಲ ಅಂತ ಕಾನೂನೇ ಬರೆದುಕೊಟ್ಟಿದೆ.

ಇದರಲ್ಲಿ ಒಂದು ಆಟ ಇದೆ. ಪೇಪರಲ್ಲಿ ಬರೆದ ಪವರ್ ಗಂಟಲು ಕಟ್ಟಿದ, ಅಂದರೆ ಬೇಕಂತಲೇ ಪವರ್ ತಗ್ಗಿಸಿದ ಗಾಡಿಯದು. ಗಂಟು ಬಿಚ್ಚಿದರೆ ನಿಜವಾದ ಗಾಡಿ, ಆದರೆ ಹಾಗೆ ರೋಡಿಗೆ ತಂದರೆ ಪೇಪರ್‌ಗೆ ಬೆಲೆ ಇಲ್ಲ. ಎರಡು ವರ್ಷಕ್ಕೊಮ್ಮೆ ಟ್ಯೂವ್ ಇನ್‌ಸ್ಪೆಕ್ಷನ್ ಬಂದಾಗ ಎಲ್ಲರೂ ಒಂದು ವಾರ ಒಳ್ಳೆ ಹುಡುಗರಾಗುತ್ತಾರೆ.

ನಿಮಗೆ ಒಂದು ಸಲಹೆ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಟಿಪಿಐ ನೋಡಿ, 2018ರ ಮಾಡೆಲ್‌ನಿಂದ ಇಎಕ್ಸ್‌ಸಿಯಲ್ಲಿ ಬಂತು. ಫ್ಯುಯೆಲ್ ಇಂಜೆಕ್ಷನ್ನು, ಆಯಿಲಿಗೆ ಬೇರೆ ಟ್ಯಾಂಕು, ಎತ್ತರ ಬದಲಾದರೆ ಅದೇ ಸರಿ ಮಾಡಿಕೊಳ್ಳುತ್ತದೆ. ಜೆಟ್ ಡಬ್ಬಿ ಜೇಬಲ್ಲಿ ಇಟ್ಟುಕೊಂಡು ತಿರುಗುವ ಕರ್ಮ ಇಲ್ಲ. ಅಲ್ಲದೆ 2016ರದ್ದರಲ್ಲಿ ಇಂಜಿನ್ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ, 2017ರಲ್ಲಿ ಬಂತು. 35 ಮೈಲಿ ಆದಮೇಲೆ ನಿಮ್ಮ ಬೆರಳು ನಿಮ್ಮದಲ್ಲ.

ಮರಳುಗಾಡಿನ ಮೈಸೂರಿಗ

ಬ್ಯಾಲೆನ್ಸರ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಟಿಪಿಐ ಬಜೆಟ್‌ಗೆ ಬರಲ್ಲ.

ಇನ್ನೊಂದು ದಡ್ಡ ಪ್ರಶ್ನೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಆಯಿಲ್ ಹೇಗೆ ಮಿಕ್ಸ್ ಮಾಡುತ್ತೀರಿ? ಊರಲ್ಲಾದರೆ ಬಂಕಲ್ಲೇ ಟೂ-ಟಿ ಆಯಿಲ್ ಪಂಪ್ ಇರುತ್ತಿತ್ತು, ಗಾಜಿನ ಒಳಗೆ ಕೆಂಪಗೆ ಏರುವುದು ಕಾಣುತ್ತಿತ್ತು. ಇಲ್ಲಿ ಕೇಳಿದರೆ ಲಾನ್ ಮೂವರ್ ಇದೆಯಾ ಅಂತಾರೆ.

ಎರಡು ಜೆಟ್ ಸಣ್ಣದು

ಚಿಕ್ಕ ಬಾಟಲಿ ಜೇಬಲ್ಲಿ. ಈ ಇಂಜಿನ್ನಿಗೆ 60ಕ್ಕೆ 1. ಒಂದು ಗ್ಯಾಲನ್ ಅಂದರೆ 3,785 ಮಿ.ಲೀ., ಹಾಗಾಗಿ ಗ್ಯಾಲನ್‌ಗೆ 63 ಮಿ.ಲೀ. ಆಯಿಲ್. ಮೊದಲು ಆಯಿಲ್ ಹಾಕಿ, ಮೇಲೆ ಪೆಟ್ರೋಲ್ ಬಿಡಿ, ಹ್ಯಾಂಡಲ್ ಹಿಡಿದು ಗಾಡಿ ನಾಲ್ಕು ಸಲ ಅಲ್ಲಾಡಿಸಿ. ನಾನು ಒಂದು ಚೂರು ಜಾಸ್ತಿಯೇ ಹಾಕುತ್ತೇನೆ, ಹೊಗೆ ಬಂದರೆ ಬರಲಿ. ಆದರೆ ಎಡವಟ್ಟು ಅಂದರೆ ಆಯಿಲ್ ತುಂಬ ಜಾಸ್ತಿ ಆದರೂ ಪೆಟ್ರೋಲಿನ ಪಾಲು ಕಮ್ಮಿಯಾಗಿ ಲೀನ್ ಆಗುತ್ತದೆ. ಕಣ್ಣಂದಾಜು ಬೇಡ, ಅಳತೆ ಗುರುತಿರುವ ಬಾಟಲಿ ಇಟ್ಟುಕೊಳ್ಳಿ.

ವೈರಿಂಗ್ ಬಗ್ಗೆ ಒಂದು ಮಾತು. ಇಂಡಿಕೇಟರ್ ಎಲ್‌ಇಡಿ ಹಾಕಿದರೆ ರಿಲೇನೂ ಎಲ್‌ಇಡಿಯದ್ದೇ ಹಾಕಿ, ಇಲ್ಲದಿದ್ದರೆ ಹುಚ್ಚು ಹಿಡಿದ ಹಾಗೆ ಪಟಪಟ ಮಿನುಗುತ್ತದೆ. ಬ್ರೇಕ್ ಲೈಟಿಗೆ ಹೋಸ್ ಬೋಲ್ಟ್ ಬಿಚ್ಚಿ ಸ್ವಿಚ್ ಇರುವ ಬೋಲ್ಟ್ ಹಾಕಬೇಕು, ಆಮೇಲೆ ಬ್ರೇಕಿನ ಗಾಳಿ ತೆಗೆಯಬೇಕು. ಇದನ್ನು ಸುಮಾರು ಜನ ಮರೆತು ಮೊದಲ ಸಿಗ್ನಲ್ಲಲ್ಲಿ ನೆನಪು ಮಾಡಿಕೊಳ್ಳುತ್ತಾರೆ.

ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಕೂಡ ಬದಲಾಯಿಸಿ, ಹಿಂದೆ ಎರಡು ಹಲ್ಲು ಕಮ್ಮಿ, ಅದೇ ಸ್ಪೀಡಿಗೆ ಇಂಜಿನ್ ನಿಧಾನ ತಿರುಗುತ್ತದೆ. ಇನ್ನೊಂದು, ಹಿಂದಿನ ಚಕ್ರದ ಹಬ್‌ನಲ್ಲಿ ರಬ್ಬರ್ ಕುಶನ್ ಇಲ್ಲದ ಗಾಡಿ ಇದು. ಟಾರ್ ರೋಡಲ್ಲಿ ಚೈನಿನ ಪ್ರತಿ ಹೊಡೆತ ನೇರವಾಗಿ ಗೇರ್‌ಬಾಕ್ಸಿಗೆ.

ಕಾಫಿ ತೋಟ

ಮೂಡಿಗೆರೆಯಿಂದ ಓದುತ್ತಾ ಇದ್ದೇನೆ, ಹೊಟ್ಟೆ ಉರಿ. ನಮ್ಮಲ್ಲಿ ಡರ್ಟ್ ಬೈಕ್ ತಂದು ಲೈಟ್ ಹಾಕಿ ರಿಜಿಸ್ಟರ್ ಮಾಡಿಸುವ ದಾರಿ ಇಲ್ಲ. ಇರುವ ಗಾಡಿಯನ್ನು ಬದಲಾಯಿಸೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಉಳಿದದ್ದು ಹಳೇ ಯಮಹಾ ಆರ್‌ಎಕ್ಸ್ 135. ಅದಕ್ಕೆ ಗುಂಡಿ ಟೈರ್ ಹಾಕಿಕೊಂಡು ತೋಟದೊಳಗೆ ಓಡಿಸುತ್ತೇನೆ. ಇಳಿಜಾರಲ್ಲಿ ಕ್ಲಚ್ ಹಿಡಿದು ಥ್ರಾಟಲ್ ಕೊಡುವುದು ನಮ್ಮಪ್ಪ ಹೇಳಿಕೊಟ್ಟದ್ದು, ಯಾಕೆ ಅಂತ ಇವತ್ತು ಗೊತ್ತಾಯಿತು. ಪೆಟ್ರೋಲ್ ಉಳಿಸೋಕೆ ಅಂದುಕೊಂಡಿದ್ದೆ.

ಮ್ಯೂನಿಕ್ ಮಂಜು

@ಕಾಫಿ ತೋಟ, ಆರ್‌ಎಕ್ಸಲ್ಲಿ ಆಯಿಲಿಗೆ ಬೇರೆ ಪಂಪ್ ಇದೆ, ನಿಮ್ಮ ಕಷ್ಟ ಅಷ್ಟಿಲ್ಲ. ಅಪ್ಪ ಪೆಟ್ರೋಲಿಗೇ ಆಯಿಲ್ ಬೆರೆಸುವ ಯೆಜ್ಡಿ ಓಡಿಸಿದವರು ಇರಬೇಕು.

@ಮೈಸೂರಿಗ, ನೋಡಲು ಹೋದಾಗ ಗಾಡಿ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಅನುಮಾನ ಪಡಿ. ಎಕ್ಸಾಸ್ಟ್ ಪೈಪ್ ಸ್ಪ್ರಿಂಗು, ಒಂದೆರಡು ಬೋಲ್ಟಲ್ಲಿ ನಿಂತಿರುತ್ತದೆ, ಸ್ವಲ್ಪ ಹೊತ್ತಿನ ಕೆಲಸ. ತೆಗೆದು ಪೋರ್ಟ್ ಒಳಗೆ ಟಾರ್ಚ್ ಬಿಟ್ಟರೆ ಪಿಸ್ಟನ್ ಸ್ಕರ್ಟ್ (ಪಿಸ್ಟನ್ನಿನ ಪಕ್ಕದ ಗೋಡೆ) ಕಾಣುತ್ತದೆ. ಉದ್ದುದ್ದ ಗೀರು ಇದ್ದರೆ ಕಾಫಿ ಕುಡಿದು ಮನೆಗೆ ಬನ್ನಿ.

ಎರಡು ಜೆಟ್ ಸಣ್ಣದು

ಇಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರೂ ನೋಡಿ. ಮೈಲಿ ಲೆಕ್ಕ ಈ ಗಾಡಿಗೆ ಅರ್ಥ ಇಲ್ಲ. ಕೊನೆಯ ಪಿಸ್ಟನ್ ಎಷ್ಟು ಗಂಟೆಗೆ ಹಾಕಿದರು ಅಂತ ಕೇಳಿ. ಹಾಂ, ಮುಂದೆ ಕ್ಯಾಲಿಫೋರ್ನಿಯಾಗೆ ಕೆಲಸ ಬದಲಾಯಿಸುವ ಯೋಚನೆ ಇದೆಯಾ? ಇದ್ದರೆ ಇದಕ್ಕೆ ಅಲ್ಲಿ ರೋಡ್ ಪ್ಲೇಟ್ ಸಿಗಲ್ಲ, ಇಲ್ಲೇ ಮಾರಿ ಹೋಗಬೇಕು.

ಮರಳುಗಾಡಿನ ಮೈಸೂರಿಗ

ಸದ್ಯಕ್ಕೆ ಇಲ್ಲ. ಭಾನುವಾರ ಬೆಳಗ್ಗೆ ನೋಡಲು ಹೋಗುತ್ತೇನೆ, ಗಾಡಿ ತಣ್ಣಗಿಡಿ ಅಂದೆ, ಆಯಿತು ಅಂದರು. ಪೈಪ್ ಬಿಚ್ಚಿ ನೋಡಬಹುದಾ ಅಂತ ಆಮೇಲೆ ಮೆಸೇಜ್ ಹಾಕಿದೆ. ಓದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.