ಪದಚರ್ಚೆ: ‘ಆಲ್ಬಂ’, ‘ಇ.ಪಿ.’, ‘ಹಾರ್ಡ್‌ಕೋರ್’ – ಗೋಡೆಫಲಕಕ್ಕೆ ಕನ್ನಡ ಬೇಕು, ನಾಳೆ ಸಂಜೆ ಅಚ್ಚಿಗೆ

ವಿ.ಹೆ. ಬರೆದದ್ದು:

ಬಳಗಕ್ಕೆ ನಮಸ್ಕಾರ.

1982ರಲ್ಲಿ ಬಂದ ಪಂಕ್ ರಾಕ್, ಅದರದೇ ಕವಲಾದ ಹಾರ್ಡ್‌ಕೋರ್ ಆಲ್ಬಂಗಳಲ್ಲಿ ಮೆಚ್ಚಿನ ಹತ್ತನ್ನು ಆರಿಸಿ ಅವುಗಳ ಹೊದಿಕೆಗಳನ್ನು ಗೋಡೆಗೆ ಹಾಕಲಾಗುತ್ತಿದೆ. ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ಮೂರು ಸಾಲಿನ ಫಲಕ. ಸಾಲಿಗೆ ಮೂವತ್ತು ಅಕ್ಷರ ಮೀರುವಂತಿಲ್ಲ. ನಾಳೆ ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕು. ಪಟ್ಟಿ ಹೀಗಿದೆ: ಬ್ಯಾಡ್ ಬ್ರೇನ್ಸ್ (ತಂಡದ್ದೇ ಹೆಸರು), ಡಿಸ್ಚಾರ್ಜ್ ತಂಡದ ‘ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್’, ಡಿಸೆಂಡೆಂಟ್ಸ್ ತಂಡದ ‘ಮೈಲೋ ಗೋಸ್ ಟು ಕಾಲೇಜ್’, ಮಿಸ್‌ಫಿಟ್ಸ್ ತಂಡದ ‘ವಾಕ್ ಅಮಂಗ್ ಅಸ್’, ಡೆಡ್ ಕೆನೆಡೀಸ್ ತಂಡದ ‘ಪ್ಲಾಸ್ಟಿಕ್ ಸರ್ಜರಿ ಡಿಸಾಸ್ಟರ್ಸ್’, ಫ್ಲಿಪ್ಪರ್, ಫಿಯರ್, ಫೇಯ್ತ್ ಮತ್ತು ವಾಯ್ಡ್ ಸೇರಿ ಮಾಡಿದ ಸ್ಪ್ಲಿಟ್, ನೆಗೆಟಿವ್ ಅಪ್ರೋಚ್‌ನ ಇ.ಪಿ., ‘ಫ್ಲೆಕ್ಸ್ ಯುವರ್ ಹೆಡ್’ ಕಂಪೈಲೇಶನ್.

ನನ್ನ ಕರಡು: ಆಲ್ಬಂ = ಧ್ವನಿಸುರುಳಿ. ಇ.ಪಿ. (ಎಕ್ಸ್‌ಟೆಂಡೆಡ್ ಪ್ಲೇ) = ವಿಸ್ತೃತ ಧ್ವನಿಮುದ್ರಿಕೆ. ಸ್ಪ್ಲಿಟ್ = ಒಡೆದ ತಟ್ಟೆ (?). ಕಂಪೈಲೇಶನ್ = ಸಂಕಲನ. ಹಾರ್ಡ್‌ಕೋರ್ = ಕಟ್ಟಾ ಪಂಕ್. ಡಿ-ಬೀಟ್ ಎಂಬ ಡ್ರಮ್ ಹೊಡೆತಕ್ಕೆ ಏನೂ ಹೊಳೆದಿಲ್ಲ. ದಯವಿಟ್ಟು ತಿದ್ದಿ.

*

ಅ.ಮೂ. ಬರೆದದ್ದು:

> ಆಲ್ಬಂ = ಧ್ವನಿಸುರುಳಿ

ಹತ್ತರಲ್ಲಿ ಒಂದಕ್ಕೆ ಸರಿ. ಬ್ಯಾಡ್ ಬ್ರೇನ್ಸ್ 1982ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ರೋರ್ ಕಂಪನಿಯಿಂದ ಬಂದದ್ದು ಕ್ಯಾಸೆಟ್ ಆಗಿ ಮಾತ್ರ. ಅದು ಸುರುಳಿ. ಉಳಿದವು ತಟ್ಟೆಗಳು. ಸಿನಿಮಾದವರು ಟೇಪು ಹೋದಮೇಲೂ ‘ಧ್ವನಿಸುರುಳಿ ಬಿಡುಗಡೆ’ ಎನ್ನುತ್ತಾರೆ, ಅದು ಬಾಯಿಗೆ ಹತ್ತಿದ ರೂಢಿ. ಹನ್ನೆರಡು ಇಂಚಿನ ಹೊದಿಕೆ ಕಣ್ಣೆದುರೇ ತೂಗುತ್ತಿರುವಾಗ ಅದರಡಿ ‘ಸುರುಳಿ’ ಎಂದು ಬರೆಯಲು ಆ ರೂಢಿ ಸಾಲದು.

> ಇ.ಪಿ. = ವಿಸ್ತೃತ

ಬೇಡ. ಇದು ಎಲ್.ಪಿ.ಗಿಂತ, ಅಂದರೆ ಪೂರ್ಣ ಆಲ್ಬಮ್ಮಿಗಿಂತ, ಉದ್ದ ಎಂದು ಓದುಗ ತಿಳಿಯುತ್ತಾನೆ. ‘ವಿಸ್ತೃತ’ ಆಗಿರುವುದು ಎರಡು ಹಾಡಿನ ಸಿಂಗಲ್‌ಗೆ ಹೋಲಿಸಿದಾಗ. ನೆಗೆಟಿವ್ ಅಪ್ರೋಚ್‌ನದು 7 ಇಂಚಿನ ತಟ್ಟೆ, ಅದರೊಳಗೆ ಹತ್ತು ಹಾಡು. ಹಾಡಿನ ಎಣಿಕೆಯಿಂದಲೂ ತೀರ್ಮಾನವಾಗುವುದಿಲ್ಲ, ನಿಮಿಷದಿಂದಲೂ ಇಲ್ಲ: ಮೈಲೋ ಹದಿನೈದು ಹಾಡು, ಬರೀ 22 ನಿಮಿಷ, ಆದರೂ ಪೂರ್ಣ ಆಲ್ಬಂ. ನಂಬಬಹುದಾದದ್ದು ಅಳತೆ ಒಂದೇ. 12 ಇಂಚಿನ ತಟ್ಟೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷ ಸಲೀಸಾಗಿ ಹಿಡಿಯುತ್ತದೆ. ಅದಕ್ಕಿಂತ ತುಂಬಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ಸದ್ದು ತಗ್ಗಿಸದೆ ವಿಧಿಯಿಲ್ಲ. 7 ಇಂಚಿನದು 45 ಸುತ್ತಿಗೆ ಮಗ್ಗುಲಿಗೆ ನಾಲ್ಕೈದು ನಿಮಿಷ. ಆದ್ದರಿಂದ ‘12 ಇಂಚಿನ ತಟ್ಟೆ’, ‘7 ಇಂಚಿನ ತಟ್ಟೆ’, ‘ಕ್ಯಾಸೆಟ್’ ಎಂದಷ್ಟೇ ಹಾಕಿ.

> ಒಡೆದ ತಟ್ಟೆ

ಒಡೆದದ್ದನ್ನು ಗೋಡೆಗೆ ಯಾಕೆ ಹಾಕಿದಿರಿ ಎಂದು ಕೇಳುತ್ತಾರೆ. ಒಂದು ಮಗ್ಗುಲು ಫೇಯ್ತ್, ಇನ್ನೊಂದು ಮಗ್ಗುಲು ವಾಯ್ಡ್. ‘ಮಗ್ಗುಲಿಗೊಂದು ತಂಡ’ ಎಂದರೆ ಮುಗಿಯಿತು.

*

ನಾ.ಶಂ. ಬರೆದದ್ದು:

‘ಆಲ್ಬಂ’ ಪದದ ಮೂಲವನ್ನು ಯಾರೂ ನೋಡಿದಂತಿಲ್ಲ. ಲ್ಯಾಟಿನ್ನಿನ ‘ಆಲ್ಬುಸ್’ ಎಂದರೆ ಬಿಳಿ. ರೋಮಿನಲ್ಲಿ ಸರ್ಕಾರಿ ಪ್ರಕಟಣೆ ಬರೆಯುತ್ತಿದ್ದ ಬಿಳಿ ಹಲಗೆಗೆ ಆಲ್ಬಂ ಎನ್ನುತ್ತಿದ್ದರು. ಮುಂದೆ ಅದು ಖಾಲಿ ಹಾಳೆಗಳ ಪುಸ್ತಕವಾಯಿತು, ಚಿತ್ರ ಅಂಟಿಸುವ ಪುಸ್ತಕವಾಯಿತು. 78 ಸುತ್ತಿನ ತಟ್ಟೆಗಳ ಕಾಲದಲ್ಲಿ ಮಗ್ಗುಲಿಗೆ ಮೂರು-ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲವಾದ್ದರಿಂದ ಹಲವು ತಟ್ಟೆಗಳನ್ನು ಪುಸ್ತಕದ ಹಾಳೆಗಳಂತೆ ಹೊಲಿದ ಚೀಲಗಳಲ್ಲಿಟ್ಟು ಮಾರುತ್ತಿದ್ದರು. ಸಂಗೀತಕ್ಕೆ ಆಲ್ಬಂ ಎಂಬ ಮಾತು ಅಲ್ಲಿಂದ ಬಂತು. ಅಂದಮೇಲೆ ಕನ್ನಡದಲ್ಲಿ ‘ಗಾನಸಂಪುಟ’ ಎನ್ನುವುದೇ ಸಾಧು. ತಟ್ಟೆ ಎಂದರೆ ಊಟದ್ದು.

ಇನ್ನು ‘ಕಟ್ಟಾ’. ಇದು ‘ಕಡು’ವಿನ ರೂಪ. ಕಡು + ಆಳು = ಕಟ್ಟಾಳು, ಕಡು + ಇರುವೆ = ಕಟ್ಟಿರುವೆ. ಅಚ್ಚ ಕನ್ನಡ. ಹಾರ್ಡ್‌ಕೋರ್‌ಗೆ ‘ಕಟ್ಟಾ’ ಬಳಸಿದ್ದಕ್ಕೆ ಪ್ರಶ್ನೆ ಎತ್ತಿದವರಿಗೆ ಉತ್ತರ ಬೇರೆ ಬೇಕಿಲ್ಲ.

*

ಅ.ಮೂ. ಬರೆದದ್ದು:

ಯಾರೂ ಎತ್ತಿರಲಿಲ್ಲ ಸರ್.

ಗಾನಸಂಪುಟ ಎಂದರೆ ಇ.ಪಿ. ‘ಸಂಪುಟ ವಿಸ್ತರಣೆ’ ಆಗುತ್ತದೆ. ಮಂತ್ರಿಗಿರಿ ಆಕಾಂಕ್ಷಿಗಳೂ ನೋಡಲು ಬರಬಹುದು.

ಪಟ್ಟಿಯಲ್ಲೇ ಇರುವ ಎರಡನ್ನು ಗಮನಿಸಿ. ಫ್ಲಿಪ್ಪರ್‌ನ ಹೆಸರೇ ‘ಆಲ್ಬಂ – ಜೆನೆರಿಕ್ ಫ್ಲಿಪ್ಪರ್’. ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ಆ ಕಾಲದಲ್ಲಿ ಅಮೆರಿಕದ ದಿನಸಿ ಅಂಗಡಿಗಳಲ್ಲಿ ಕಂಪನಿಯ ಹೆಸರಿಲ್ಲದ ಅಗ್ಗದ ಪೊಟ್ಟಣಗಳ ಮೇಲೆ ಒಳಗಿನ ಸರಕಿನ ಹೆಸರನ್ನಷ್ಟೇ ಅಚ್ಚುಹಾಕುತ್ತಿದ್ದರು, ಅದರ ಅಣಕ ಇದು. ‘ಇದೊಂದು ಸರಕು, ಸರಕಿನ ಹೆಸರು ಆಲ್ಬಂ’ ಎನ್ನುವುದೇ ಅಲ್ಲಿನ ಕುಚೋದ್ಯ. ಫಿಯರ್ ತಂಡ ಅದೇ ವರ್ಷ ಸ್ಲ್ಯಾಶ್ ಕಂಪನಿಯಿಂದ ತಂದದ್ದರ ಹೆಸರು ‘ದಿ ರೆಕಾರ್ಡ್’. ಫಲಕಗಳ ತುಂಬ ಗಾನಸಂಪುಟ ಬರೆದಿಟ್ಟರೆ ಈ ಎರಡರ ಅಡಿಯಲ್ಲಿ ಏನು ಬರೆಯುತ್ತೀರಿ? ಓದುಗನಿಗೆ ‘ಆಲ್ಬಂ’, ‘ರೆಕಾರ್ಡ್’ ಎರಡೂ ಗೊತ್ತು. ಹಾಗೇ ಬಿಟ್ಟರೆ ಕುಚೋದ್ಯವೂ ಉಳಿಯುತ್ತದೆ.

*

ಕಿ. ಬರೆದದ್ದು:

ಸಂಪುಟ, ಮುದ್ರಿಕೆ, ಸಂಕಲನ, ವಿಸ್ತ್ರುತ. ಇಂಗ್ಲಿಶ್ ಬಿಟ್ಟು ಸಂಸ್ಕ್ರುತ ಹಿಡಿದರೆ ಅದು ಕನ್ನಡ ಹೇಗಾಗುತ್ತದೆ? ಆಲ್ಬಮ್ಮಿಗೆ ‘ಹಾಡುಗಂತೆ’, ಇ.ಪಿ.ಗೆ ‘ಕಿರುಗಂತೆ’, ಹಾರ್ಡ್‌ಕೋರಿಗೆ ‘ಗಟ್ಟಿತಿರುಳು’, ಡಿ-ಬೀಟಿಗೆ ‘ಡಿ-ಬಡಿತ’. ನಾಲ್ಕೂ ಎಲ್ಲರಿಗೂ ತಿಳಿಯುವ ಪದಗಳು.

*

ಅ.ಮೂ. ಬರೆದದ್ದು:

ಗಟ್ಟಿತಿರುಳು ಅಂದರೆ ಬಕ್ಕೆ ಹಲಸು. ಹಾಡುಗಂತೆ ಅಂದರೆ ‘ಅಂತೆ ಕಂತೆ’. ಬಡಿತ ಪರವಾಗಿಲ್ಲ.

*

ಬಿ.ಪಾ. (ಧಾರವಾಡ) ಬರೆದದ್ದು:

> ಕಡು + ಆಳು = ಕಟ್ಟಾಳು

ಅದು ಖರೇ ಅದರೀ. ಆದರ ಕಟ್ಟಾಳಿನೊಳಗಿನ ‘ಆ’ ಆಳಿಂದು. ಆಳನ್ನ ತಗದರ ‘ಕಟ್ಟ್’ ಉಳೀತದ, ‘ಕಟ್ಟಾ’ ಅಲ್ಲ. ‘ಕಟ್ಟಾ ವಿರೋಧಿ’ ಅನ್ನೂವಾಗ ‘ವಿ’ ಮುಂದ ಈ ‘ಆ’ ಎಲ್ಲಿಂದ ಬಂತು? ಮರಾಠಿಯಾಗ ‘ಕಟ್ಟಾ ವೈರಿ’ ಅಂತ ದಿನಾ ಅಂತಾರ. ಅಲ್ಲಿಂದ ಬಂದದ್ದು ಅನ್ನೂದು ನನ್ನ ಲೆಕ್ಕ. ಬಂದಿದ್ದಕ್ಕ ನನ್ನ ತಕರಾರಿಲ್ಲ, ಅಚ್ಚ ಕನ್ನಡ ಅಂತ ಮುದ್ರಿ ಒತ್ತಬ್ಯಾಡ್ರಿ.

‘ಕಡು’ನ ಬೇಕಂದ್ರ ‘ಕಡುಪಂಕ್’ ಆಗ್ತದ. ಕಡುಗೆಂಪು ಹೆಂಗೋ ಹಂಗ ಆದೇಶ ಮಾಡಿದ್ರ ‘ಕಡುಬಂಕ್’. ಒಂದು ಕಡೆ ಕಡುಬು, ಇನ್ನೊಂದು ಕಡೆ ಪೆಟ್ರೋಲ್ ಬಂಕ್. ಹಿಂಗ ಬರಿಯೂದಾದ್ರ ಬೋರ್ಡಿನ ಮುಂದ ಗಾಡಿ ನಿಲ್ಲಸ್ತಾರ.

*

ನಾ.ಶಂ. ಬರೆದದ್ದು:

ಅನ್ಯದೇಶ್ಯಕ್ಕೆ ಆದೇಶ ಹೇಳಿಲ್ಲ. ಪಾಟೀಲರಂತೆ ಬರೆಯುವವರಿಗೆ ಕೇಶಿರಾಜ ಬೇಕಾಗಿಲ್ಲ ಎಂದು ಕಾಣುತ್ತದೆ.

ಕಿ. ಅವರಿಗೆ: ‘ಧ್ವನಿ’ಗೆ ‘ದನಿ’ ತದ್ಭವ, ಬೇಕಾದರೆ ಬಳಸಿ. ಆದರೆ ಒಂದು ಭಾಷೆಯ ಹೆಸರನ್ನೇ ನೆಟ್ಟಗೆ ಬರೆಯದೆ ಅದನ್ನು ಬಯ್ಯಬೇಡಿ. ಅರ್ಜಿ, ರಸೀದಿ, ಜಮೀನು ಪಾರಸಿ-ಅರಬ್ಬಿ ಕಡೆಯವು, ಚಾವಿ, ಅಲಮಾರು ಪೋರ್ಚುಗೀಸರವು. ಅವಕ್ಕೆಲ್ಲ ನಿಮ್ಮಲ್ಲಿ ಬಾಗಿಲು ತೆರೆದಿರುತ್ತದೆ, ‘ಸಂಕಲನ’ ಬಂದಾಗ ಮಾತ್ರ ಮುಚ್ಚುತ್ತದೆ.

*

ಕಿ. ಬರೆದದ್ದು:

ಮಂದಿಯ ಬಾಯಲ್ಲಿ ಸವೆದು ಬಂದದ್ದಕ್ಕೂ ಪಂಡಿತರು ಮೇಲಿಂದ ಹೇರಿದ್ದಕ್ಕೂ ಬೇರೆತನವಿದೆ. ‘ಚಾವಿ’ಯನ್ನು ಯಾವ ಸಮಿತಿಯೂ ಕಟ್ಟಿ ಕೊಡಲಿಲ್ಲ.

*

ನಾ.ಶಂ. ಬರೆದದ್ದು:

‘ಹಾಡುಗಂತೆ’ಯನ್ನು ಯಾವ ಮಂದಿಯ ಬಾಯಿ ಸವೆಸಿತು, ಹೇಳುವಿರಾ?

*

ವಿ.ಹೆ. ಬರೆದದ್ದು:

ದಯವಿಟ್ಟು ಹಾರ್ಡ್‌ಕೋರ್‌ಗೆ ಬನ್ನಿ. ಡಿ-ಬೀಟ್ ಕೂಡ ಬಾಕಿ ಇದೆ. ‘ಪಂಕ್’ಗೆ ಷಷ್ಠಿ ಹೇಗೆ ಹಚ್ಚುವುದು? ‘ಪಂಕಿನ’ ಎಂದರೆ ಕೆಸರು ನೆನಪಾಗುತ್ತದೆ.

*

ಅ.ಮೂ. ಬರೆದದ್ದು:

ಹಾರ್ಡ್‌ಕೋರ್ ಇಲ್ಲಿ ಗುಣ ಹೇಳುವ ಮಾತಲ್ಲ, ಒಂದು ಪಂಥದ ಹೆಸರು. ವ್ಯಾಂಕೂವರಿನ ಡಿ.ಒ.ಎ. ತಂಡ 1981ರಲ್ಲೇ ತನ್ನ ಆಲ್ಬಂಗೆ ‘ಹಾರ್ಡ್‌ಕೋರ್ ’81’ ಎಂದು ಹೆಸರಿಟ್ಟಿತ್ತು, ಆ ಹೆಸರು ಹಬ್ಬುವುದಕ್ಕೆ ಅದೂ ಕಾರಣ. ‘ಕಟ್ಟಾ’ ಕನ್ನಡದಲ್ಲಿ ಮನುಷ್ಯರಿಗೆ ಅಂಟುವ ಮಾತು: ಕಟ್ಟಾ ಅಭಿಮಾನಿ, ಕಟ್ಟಾ ವಿರೋಧಿ. ‘ಕಟ್ಟಾ ಪಂಕ್’ ಎಂದರೆ ಒಬ್ಬ ಆಸಾಮಿ ಕಣ್ಣಮುಂದೆ ಬರುತ್ತಾನೆ, ಸಂಗೀತವಲ್ಲ. ಬ್ಯಾಡ್ ಬ್ರೇನ್ಸ್ ಕ್ಯಾಸೆಟ್ಟಿನಲ್ಲಿ ಅತಿವೇಗದ ಹಾಡುಗಳ ನಡುವೆ ಜಮೈಕಾ ಶೈಲಿಯ ನಿಧಾನದ ರೆಗೆ ಹಾಡುಗಳಿವೆ. ಫ್ಲಿಪ್ಪರ್ ಬೇಕೆಂದೇ ಎಳೆದೆಳೆದು ನುಡಿಸುತ್ತದೆ. ‘ಗಟ್ಟಿ’, ‘ಕಡು’, ‘ವೇಗದ’ ಎಂದು ಯಾವ ಗುಣವಾಚಕ ಹಾಕಿದರೂ ಪಟ್ಟಿಯ ಎರಡು-ಮೂರಕ್ಕೆ ಸುಳ್ಳಾಗುತ್ತದೆ. ಹೆಸರನ್ನು ಹೆಸರಾಗಿಯೇ ಬಿಡಿ.

ಡಿಸ್ಚಾರ್ಜ್ ಕೆಳಗೆ ‘ಹಾರ್ಡ್‌ಕೋರ್’ ಹಾಕುವ ಮುನ್ನವೂ ಯೋಚಿಸಿ. ಬ್ರಿಟನ್ನಿನ ಅಂಥ ತಂಡಗಳ ಗುಂಪಿಗೆ ‘ಯು.ಕೆ. 82’ ಎಂಬ ಹೆಸರು ಬಂದದ್ದು ಎಕ್ಸ್‌ಪ್ಲಾಯ್ಟೆಡ್ ತಂಡದ ಹಾಡಿನಿಂದ. ಡಿಸ್ಚಾರ್ಜ್ ಆಲ್ಬಂ ತಂದದ್ದು ಸ್ಟೋಕ್-ಆನ್-ಟ್ರೆಂಟಿನ ಕ್ಲೇ ರೆಕಾರ್ಡ್ಸ್. ಊರು ಕುಂಬಾರಿಕೆಗೆ ಹೆಸರುವಾಸಿ, ಕಂಪನಿಯ ಹೆಸರು ಜೇಡಿಮಣ್ಣು. ‘ಪಂಕ’ ಎಂದರೆ ಕೆಸರು ಎಂಬ ಆತಂಕ ಆ ಒಂದು ಫಲಕದ ಮಟ್ಟಿಗಾದರೂ ಬೇಡ.

ಡಿ-ಬೀಟ್: ಆ ‘ಡಿ’ ಡಿಸ್ಚಾರ್ಜ್‌ನದೇ. ‘ತಾಳ’ ಎನ್ನಬೇಡಿ, ತಾಳವೆಂದರೆ ಆವರ್ತ. ‘ನಡೆ’ಯೂ ಬೇಡ, ಅದು ಅಕ್ಷರಕಾಲವನ್ನು ಒಡೆಯುವ ರೀತಿ. ಇದು ಡ್ರಮ್ಮಿನ ಒಂದು ನಿರ್ದಿಷ್ಟ ಹೊಡೆತದ ಮಾದರಿ. ಎಂಟು ಎಣಿಸಿ: ಸ್ನೇರ್ (ಕೋಲಿನಿಂದ ಬಾರಿಸುವ ಚಿಕ್ಕ ಡ್ರಮ್) 3 ಮತ್ತು 7ಕ್ಕೆ, ಕಿಕ್ (ಕಾಲಿನಿಂದ ಒತ್ತುವ ದೊಡ್ಡ ಡ್ರಮ್) 1, 4, 6ಕ್ಕೆ. 5ಕ್ಕೆ ಕಿಕ್ ಬೀಳುವುದಿಲ್ಲ, ಕುದುರೆಯ ಓಟದ ಹಾಗೆ ಕೇಳುವುದು ಆ ತಪ್ಪಿದ ಹೆಜ್ಜೆಯಿಂದ. ಕಿಕ್, ಸ್ನೇರ್ ಸುಮ್ಮನೆ ಒಂದಾದಮೇಲೊಂದು ಬಿದ್ದರೆ ಅದು ಅಮೆರಿಕದ ತಂಡಗಳು ಹೆಚ್ಚಾಗಿ ನುಡಿಸುತ್ತಿದ್ದ ಬೇರೆಯೇ ಮಾದರಿ. ನಮ್ಮ ತಮಟೆಯವರು, ಡೊಳ್ಳಿನವರು ಇಂಥ ಮಾದರಿಗೆ ‘ಗತ್ತು’ ಎನ್ನುತ್ತಾರೆ. ‘ಡಿ-ಗತ್ತು’ ಎಂದು ಬರೆಯಿರಿ. ಆರೂ ಪದಗಳಲ್ಲಿ ನಾನು ಕನ್ನಡಕ್ಕೆ ತರಲು ಒಪ್ಪುವುದು ಇದೊಂದನ್ನೇ, ಏಕೆಂದರೆ ಇಲ್ಲಿ ಪದವೂ ಇದೆ, ಅದನ್ನು ದಿನಾ ಬಳಸುವವರೂ ಇದ್ದಾರೆ.

*

ಕಿ. ಬರೆದದ್ದು:

ಡಿ-ಗತ್ತು ಒಪ್ಪಿದೆ. ಬಡಿತಕ್ಕಿಂತ ಮೇಲು.

*

ಬಿ.ಪಾ. ಬರೆದದ್ದು:

ಷಷ್ಠಿಗೆ ಹೆದರಬ್ಯಾಡ್ರಿ. ಬಸ್ ‘ಬಸ್ಸು’ ಆಗ್ತದ, ಆದರ ಬಿಂದು ಹಿಂದಿದ್ರ ಒತ್ತು ಬರಂಗಿಲ್ಲ: ಬ್ಯಾಂಕು, ಬ್ಯಾಂಕಿನ. ಹಂಗ ಪಂಕು, ಪಂಕಿನ. ಕೆಸರಿಂದು ‘ಪಂಕದ’ ಆಗ್ತದ. ಎರಡಕ್ಕೂ ಡಿಕ್ಕಿನ ಇಲ್ಲ.

ಅಚ್ಚಿನ ಮಾತು ಯಾರೂ ಆಡಲಿಲ್ಲ, ಕೆಡೋದು ಅಲ್ಲೇ. ‘ಹಾರ್ಡ್‌ಕೋರ್’, ‘ಮಿಸ್‌ಫಿಟ್ಸ್’ ಎರಡರಾಗೂ ಅರ್ಧಾಕ್ಷರದ ಮುಂದ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು, ಯುನಿಕೋಡಿನಾಗ ಅದರ ನಂಬರು 200ಸಿ. ಅದು ಬಿದ್ದುಹೋದ್ರ ಮುಂದಿನ ಅಕ್ಷರ ಒತ್ತಾಗಿ ಕೆಳಗ ಇಳೀತದ. ಅಚ್ಚಿನವರು ಹಳೇ ನುಡಿ ಫಾಂಟಿಗೆ ಬದಲಾಯಿಸಿ ಮತ್ತ ವಾಪಸ್ ತಂದ್ರ ಈ ಗುರುತೇ ಮೊದಲು ಹೋಗೂದು. ಕಡತ ಕಳಿಸೂವಾಗ ಅಕ್ಷರಗಳನ್ನ ಚಿತ್ರರೇಖೆ (ಔಟ್‌ಲೈನ್) ಮಾಡಿ ಕಳಸ್ರಿ. ಸಾಲಿನ ನಡುವಿನ ಜಾಗ ಇಂಗ್ಲೀಷಿಗೆ ಬಿಡೂದಕ್ಕಿಂತ ಜಾಸ್ತಿ ಬಿಡ್ರಿ, ‘ಡಿಸ್ಚಾರ್ಜ್’ನ ಚ-ಒತ್ತು ಕೆಳಗಿನ ಸಾಲಿಗೆ ತಾಗ್ತದ. ಇನ್ನ ‘ಡಿಸ್ಚಾರ್ಜ್’ ತಂಡ, ‘ಡಿಸ್ಕಾರ್ಡ್’ ‘ಫ್ಲೆಕ್ಸ್ ಯುವರ್ ಹೆಡ್’ ತಂದ ಕಂಪನಿ. ದೂರದಿಂದ ಎರಡೂ ಒಂದೇ ಕಾಣ್ತಾವ. ಒಂದರ ಬಾಜೂಕ್ಕ ಒಂದು ಹಾಕಬ್ಯಾಡ್ರಿ.

*

ವಿ.ಹೆ. ಬರೆದದ್ದು:

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ. ಮೇಲ್ಬರಹ: ‘1982: ಪಂಕ್, ಹಾರ್ಡ್‌ಕೋರ್. ಹತ್ತು ರೆಕಾರ್ಡು’. ಮೂರು ಫಲಕ ಮಾದರಿಗೆ:

ಬ್ಯಾಡ್ ಬ್ರೇನ್ಸ್
ಬ್ಯಾಡ್ ಬ್ರೇನ್ಸ್
ಧ್ವನಿಸುರುಳಿ. ರೋರ್, ನ್ಯೂಯಾರ್ಕ್

ಡಿಸ್ಚಾರ್ಜ್
ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್
12 ಇಂಚು. ಡಿ-ಗತ್ತು. ಕ್ಲೇ ರೆಕಾರ್ಡ್ಸ್

ಹನ್ನೊಂದು ತಂಡ, 32 ಹಾಡು
ಫ್ಲೆಕ್ಸ್ ಯುವರ್ ಹೆಡ್
12 ಇಂಚು. ಸಂಕಲನ. ಡಿಸ್ಕಾರ್ಡ್

ಕೊನೆಯದರ ಹೆಸರು ನೋಡಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಅಂದುಕೊಳ್ಳದಿದ್ದರೆ ಸಾಕು.

*

ಕಿ. ಬರೆದದ್ದು:

ಸುರುಳಿ ಉಳಿಸಿದ್ದು ಸರಿ. ‘ದನಿಸುರುಳಿ’ ಮಾಡಿ, ಒಂದು ಒತ್ತೂ ಉಳಿಯುತ್ತದೆ.

*

ನಾ.ಶಂ. ಬರೆದದ್ದು:

ಮಾಡಬೇಡಿ. ‘ರೆಕಾರ್ಡು’ ಬಗ್ಗೆ ನನ್ನ ಆಕ್ಷೇಪಣೆ ದಾಖಲಾಗಲಿ.

*

ಬಿ.ಪಾ. ಬರೆದದ್ದು:

‘ದಾಖಲು’ ಅರಬ್ಬಿರೀ.

ವಿ.ಹೆ. ಅವರ, ಕಳಿಸಿದ ಪಿ.ಡಿ.ಎಫ್. ತಗದು ನೋಡಿದೆ. ಮೇಲ್ಬರಹದಾಗ ‘ಹಾರ್ಡ್ಕೋರ್’ ಆಗೇದ, ಕ-ಒತ್ತು ಕೆಳಗ ಇಳದದ. ಐದು ಹೊಡಿಯೂದರಾಗ ತಿದ್ದಿಸ್ರಿ.